ಕಾಕುವಿನ ಮಾಳಿಗೆಯ ಮೇಲೆ ಹಿಡಿದ ಸೊನ್ನೆ

ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ನಿಪ್ಪಾಣಿಗೆ ಹೋಗಿದ್ದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಯಾರೋ ಮಿಶ್ರಿ ಹುರಿಯುತ್ತಿದ್ದರು. ನಮ್ಮ ಕಡೆಯವರಿಗೆ ಇದೇನೆಂದು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ತಂಬಾಕಿನ ಎಲೆಯನ್ನು ತವೆಯ ಮೇಲೆ ಕರ್ರಗಾಗುವ ತನಕ ಹುರಿದು, ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟುಕೊಂಡು, ಹೆಂಗಸರು ಬೆಳಿಗ್ಗೆ ಎದ್ದು ಹಲ್ಲಿಗೆ ತಿಕ್ಕುತ್ತಾರೆ. ಹಲ್ಲು ಬರೀ ನೆಪ. ತಿಕ್ಕುತ್ತ ತಿಕ್ಕುತ್ತ ಅರ್ಧ ತಾಸು ಕಟ್ಟೆಯ ಮೇಲೆ ಕುಳಿತು, ಕಪ್ಪು ಉಗುಳನ್ನು ಗಟಾರಕ್ಕೆ ಉಗಿಯುತ್ತ ಊರ ಸುದ್ದಿ ಮಾತಾಡುವುದೇ ಅದರ ಸುಖ. ಹುರಿಯುವಾಗಿನ ಹೊಗೆ ಗಂಟಲಿಗೆ ಇಳಿದರೆ ಕಣ್ಣಲ್ಲಿ ನೀರು ಬರುತ್ತದೆ, ಕೂದಲಿಗೆ ಹತ್ತಿದ ವಾಸನೆ ಎರಡು ದಿನ ಹೋಗುವುದಿಲ್ಲ. ನನಗೆ ಚಿಕ್ಕಂದಿನಿಂದಲೂ ಅಸಹ್ಯ. ದುಪಟ್ಟಾ ಮೂಗಿಗೆ ಒತ್ತಿಕೊಂಡು ದಾಟಿ ಹೋದೆ. ನಾಲ್ಕು ಹೆಜ್ಜೆ ಹೋದ ಮೇಲೆ ಕೈ ತಾನಾಗಿಯೇ ಕೆಳಗಿಳಿಯಿತು. ಕಾಕು ನೆನಪಾಗಿದ್ದಳು.

ಆಕೆ ನನ್ನ ಸ್ವಂತ ಕಾಕು, ಅಂದರೆ ಚಿಕ್ಕಮ್ಮ, ಅಲ್ಲ. ಚಿಕ್ಕೋಡಿ ತಾಲೂಕಿನ ಒಂದು ಊರಿನಲ್ಲಿ ನಾನು ಒಂದೂವರೆ ತಿಂಗಳು ಆಕೆಯ ಮನೆಯಲ್ಲಿ ಇದ್ದೆ, ಅಷ್ಟೇ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಊರಿನ ಯಾರಾದರೂ ಓದುತ್ತಾರೆ, ಓದಿದರೆ ನನ್ನನ್ನು ಗುರುತಿಸುತ್ತಾರೆ. ಅಷ್ಟು ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆಗ ನಾನು ಎಂ.ಎಸ್ಸಿ. ಭೌತಶಾಸ್ತ್ರ ಮುಗಿಸಿ, ದೂರದ ಒಂದು ಸಂಸ್ಥೆಯಲ್ಲಿ ಯೋಜನಾ ಸಹಾಯಕಿಯಾಗಿ ಸೇರಿ ಐದಾರು ತಿಂಗಳಾಗಿತ್ತು. ಆ ಊರಿನ ಅಂಚಿಗೆ ಒಂದು ಸ್ಪಿರಿಟ್ ಕಾರ್ಖಾನೆ. ಸಕ್ಕರೆ ತೆಗೆದುಳಿದ ಕಾಕಂಬಿಯಿಂದ ಸ್ಪಿರಿಟ್ ಇಳಿಸಿದ ಮೇಲೆ ಉಳಿಯುವ ಕಪ್ಪು ನೀರನ್ನು ತಂದು ನಿಲ್ಲಿಸಲು ಒಂದು ದೊಡ್ಡ ಹೊಂಡ ತೋಡಿದ್ದರು. ಹೊಂಡದ ದಂಡೆಯಿಂದ ಕಾಕುವಿನ ಎಮ್ಮೆಗಳ ಗೋದಲಿಗೆ ಒಂದು ಹೊಲದಷ್ಟು ದೂರವೂ ಇರಲಿಲ್ಲ. ನಾತ ತಡೆಯಲಾರದೆ ಊರವರು ಅರ್ಜಿ ಕೊಟ್ಟಿದ್ದರು, ಅರ್ಜಿಯ ಮೇಲೆ ಮೊದಲ ಹೆಬ್ಬೆಟ್ಟು ಕಾಕುವಿನದು. ಅರ್ಜಿ ಅಲ್ಲಿ ಇಲ್ಲಿ ಸುತ್ತಾಡಿ, ಕೊನೆಗೆ "ವೈಜ್ಞಾನಿಕವಾಗಿ ಅಳೆದು ನೋಡಿ" ಎಂಬ ಮಾತಾಗಿ ನಮ್ಮ ಯೋಜನೆಯ ಮುಖ್ಯಸ್ಥರಾದ ಸರ್ ಹತ್ತಿರ ಬಂತು. ಸರ್ ನನ್ನನ್ನು ಕಳಿಸಿದರು. ನಾನು ಕಬ್ಬೂರಿನವಳು, ಆ ಕಡೆಯ ಮಾತು ಬರುತ್ತದೆ, ಅಲ್ಲಿಯೇ ಇದ್ದುಕೊಂಡು ಕೆಲಸ ಮಾಡುತ್ತೇನೆ ಎಂಬ ಲೆಕ್ಕ ಅವರದು.

ಮೊದಲ ದಿನ ಜೀಪಿನಿಂದ ಇಳಿದಾಗ ಬಂದ ನಾತವನ್ನು ಹೇಗೆ ಬರೆಯಲಿ… ಕೊಳೆತ ಮೊಟ್ಟೆ, ಹುಳಿತ ಬೆಲ್ಲ, ಸತ್ತ ಇಲಿ, ಎಲ್ಲ ಒಟ್ಟಿಗೆ ಬಾಯೊಳಗೇ ಬಂದ ಹಾಗೆ. ಮೂಗು ಮುಚ್ಚಿ ಬಾಯಿಂದ ಉಸಿರೆಳೆದರೆ ನಾಲಿಗೆಯ ಮೇಲೆ ಅದರ ರುಚಿ. ಕಾಕು ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು. ಕಪ್ಪನೆಯ ಹಲ್ಲು, ಮೊಣಕಾಲ ಮೇಲೆ ಎತ್ತಿ ಸಿಕ್ಕಿಸಿದ ಸೀರೆ, ಸೆರಗಿನ ತುಂಬ ಹುಲ್ಲಿನ ಕಡ್ಡಿ. ಚಹಾ ಕುಡಿಯಲು ನನ್ನಿಂದ ಆಗಲಿಲ್ಲ. ಆಕೆ ಬೇಸರ ಮಾಡಿಕೊಳ್ಳಲಿಲ್ಲ, ನಕ್ಕಳು.

"ನಾಕ ದಿನ ಹಿಂಗ ಆಗತೈತಿ ತಂಗಿ. ಆಮ್ಯಾಲ ನಿನಗೂ ಗೊತ್ತಾಗಾಂಗಿಲ್ಲ."

ಹಾಗೆಯೇ ಆಯಿತು. ಗಾಳಿ ಅಳೆಯಲು ತಂದಿದ್ದ ನಮ್ಮ ಪೆಟ್ಟಿಗೆಯಂಥ ಯಂತ್ರಕ್ಕೆ ಕರೆಂಟು ಒದಗಿಸುವ ಡಬ್ಬಿ ಎರಡನೆಯ ದಿನವೇ ಊರಿನ ವೋಲ್ಟೇಜಿಗೆ ಸುಟ್ಟುಹೋಯಿತು. ಹೊಸದು ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ನಾನು ಕಾಕುವಿನ ಪಡಸಾಲೆಯಲ್ಲಿ ಮಲಗಿ, ಕಾಕುವಿನ ಕೈಯ ಜೋಳದ ರೊಟ್ಟಿ ತಿಂದು, ಮುಂಜಾನೆ ಆಕೆಯ ಮಿಶ್ರಿಯ ಹೊಗೆಗೆ ಬೈಯುತ್ತ ಕಳೆದೆ. ನಾಲ್ಕನೆಯ ದಿನಕ್ಕೆ ಊಟ ಸೇರತೊಡಗಿತು. ಏಳನೆಯ ದಿನ ಮಾಳಿಗೆಯ ಮೇಲೆ ನಿಂತು ದೀರ್ಘವಾಗಿ ಉಸಿರೆಳೆದದ್ದು ನೆನಪಿದೆ. ನಾತ ಕಡಿಮೆಯಾಗಿದೆ, ಕಾರ್ಖಾನೆಯವರು ನಮಗೆ ಹೆದರಿ ಏನೋ ಮಾಡಿದ್ದಾರೆ ಎಂದುಕೊಂಡೆ. ಹೊಂಡದಿಂದ ಏಳುವ ಈ ಅನಿಲದ ಸ್ವಭಾವವೇ ಅದು, ಮೊದಲು ಮೂಗನ್ನು ಕೊಲ್ಲುತ್ತದೆ. ಪುಸ್ತಕದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

ಆ ಹತ್ತು ದಿನಗಳ ನಡುವೆಯೇ ಒಂದು ಮಧ್ಯಾಹ್ನ ಕಾಗವಾಡದಿಂದ ಬೀಗರು ಬಂದರು. ಕಾಕುವಿಗೆ ಒಬ್ಬಳೇ ಮಗಳು, ಆಕೆಯನ್ನು ಕಾಗವಾಡದ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟಿದ್ದಳು. ಮಗಳು ಆರು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲಿಯೇ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸ ಎಂಬ ಸೀಮಂತ ಮಾಡಿ, ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ ಕರೆದುಕೊಂಡು ಬರಬೇಕು. ಕಾಕು ಎಮ್ಮೆಯ ತುಪ್ಪ ಕಾಸಿ ಇಟ್ಟಿದ್ದಳು. ಬಾಣಂತಿ ತಿನ್ನುವ ಅಳವಿ ಬೀಜದ ಉಂಡೆಗೆ ಒಣಕೊಬ್ಬರಿ ತುರಿದಿದ್ದಳು. ಬಾಣಂತಿಯ ಮಂಚದ ಕೆಳಗೆ ಇಡುವ ಕೆಂಡದ ಅಗ್ಗಿಷ್ಟಿಕೆಗೆ ಹೊಸ ಮಣ್ಣು ಮೆತ್ತಿ ಒಣಗಿಸಿಟ್ಟಿದ್ದಳು.

ಬೀಗತಿ ಕಟ್ಟೆಯ ತುದಿಗೆ ಕುಳಿತರು. ಕುಳಿತಾಗಿನಿಂದ ಏಳುವ ತನಕ ಸೆರಗು ಮೂಗಿನಿಂದ ಸರಿಯಲಿಲ್ಲ. ಚಹಾ ಆರಿ ಕೆನೆಗಟ್ಟಿತು. ಕೊನೆಗೆ ಸೆರಗಿನ ಒಳಗಿನಿಂದಲೇ ಹೇಳಿದರು.

"ಸಿಟ್ಟಾಗಬ್ಯಾಡ್ರಿ. ನಮ್ಮ ಮನೀ ಕೂಸು ಇಂಥಾ ನಾತದಾಗ ಹುಟ್ಟೂದು ಬ್ಯಾಡ. ಇದು ಹೋಗಲಿ, ನಾವೇ ತಂದ ಬಿಟ್ಟ ಹೋಗತೇವಿ."

ಕಾಕು ನನ್ನತ್ತ ಕೈ ತೋರಿಸಿದಳು. "ಕಮಿಟಿ ಬಂದೈತ್ರಿ. ಈ ನಮ್ಮ ತಂಗಿ ಮಷಿನ್ ಹಚ್ಚಾಕತ್ತಾಳ. ನಾತ ಎಷ್ಟೈತಿ ಅಂತ ಬರದ ಕೊಟ್ಳಂದ್ರ, ತಿಂಗಳದಾಗ ಹೊಂಡ ಮುಚ್ಚಸ್ತಾರ. ನೀವು ಕುಬಸದ ದಿನ ನೋಡ್ರಿ."

ನನಗೆ ಆ ಬೀಗತಿಯ ಮೇಲೆ ಮೈಯೆಲ್ಲ ಉರಿಯಿತು. ಎಂಥ ನಾಟಕ, ಅಷ್ಟೊಂದು ನಾತ ಎಲ್ಲಿದೆ ಈಗ ಎಂದುಕೊಂಡೆ. ಅವರು ಹೋದ ಮೇಲೆ ಕಾಕು ಚಹಾವನ್ನು ಎಮ್ಮೆಯ ಬಾನಿಗೆ ಸುರಿದು ಬಂದು, "ಅವರ ಮನ್ಯಾಗ ಒಣದ್ರಾಕ್ಷಿಗಿ ಗಂಧಕದ ಹೊಗಿ ಹಾಕತಾರ. ನಾ ಹ್ವಾದಾಗ ಕೆಮ್ಮಿ ಕೆಮ್ಮಿ ಸಾಯತೀನಿ. ಅದು ನಾತ ಅಲ್ಲಂತ, ಧಂದೆ ಅಂತ!" ಎಂದಳು. ಇಬ್ಬರೂ ನಕ್ಕೆವು. ನಕ್ಕರೂ ಆಕೆಯ ಕಣ್ಣು ಮಾತ್ರ ನನ್ನ ಪೆಟ್ಟಿಗೆಯ ಮೇಲೆಯೇ ಇತ್ತು.

ಪೆಟ್ಟಿಗೆಯ ಕೆಲಸ ಏನೆಂದು ನಾನು ಆಕೆಗೆ ಅವತ್ತೇ ಹೇಳಿದೆ. ಮಾಳಿಗೆಯ ಮೇಲೆ ಪೆಟ್ಟಿಗೆ, ಹೊಂಡದ ಆಚೆ ದಂಡೆಯಲ್ಲಿ ಕಂಬಕ್ಕೆ ಕಟ್ಟಿದ ಕನ್ನಡಿ. ಪೆಟ್ಟಿಗೆಯಿಂದ ಅತಿಗೆಂಪು ಲೇಸರ್ ಬೆಳಕು ಹೊರಟು, ಹೊಂಡದ ಮೇಲಿನಿಂದ ಹಾಯ್ದು, ಕನ್ನಡಿಗೆ ಬಡಿದು ವಾಪಸ್ ಬರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಕಾಣದ ಈ ಬೆಳಕಿನಲ್ಲಿಯೂ ಬಣ್ಣಗಳಿವೆ. ಒಂದೊಂದು ಅನಿಲ ತನಗೆ ಬೇಕಾದ ಬಣ್ಣಗಳನ್ನಷ್ಟೇ ಹೀರಿಕೊಳ್ಳುತ್ತದೆ, ಪಕ್ಕದ್ದನ್ನು ಮುಟ್ಟುವುದಿಲ್ಲ. ಕೊಳೆತ ಮೊಟ್ಟೆಯ ನಾತದ ಅನಿಲಕ್ಕೆ ಹೈಡ್ರೋಜನ್ ಸಲ್ಫೈಡ್ ಎಂದು ಹೆಸರು. ಅದು ಹೀರುವ ಬಣ್ಣಕ್ಕೆ ಸರಿಯಾಗಿ ಲೇಸರನ್ನು ಕೂರಿಸಿ, ಹೋದ ಬೆಳಕೆಷ್ಟು, ತಿರುಗಿ ಬಂದದ್ದೆಷ್ಟು ಎಂದು ನೋಡಿದರೆ ನಡುವಿನ ಗಾಳಿಯಲ್ಲಿ ಆ ಅನಿಲ ಎಷ್ಟಿದೆ ಎಂದು ತಿಳಿಯುತ್ತದೆ.

ಕಾಕು ಕೇಳಿ ತಲೆಯಾಡಿಸಿದಳು. "ಡೇರಿಯಾಗ ಹಾಲಿಗಿ ಕಾಜಿನ ನಳಗಿ ಬಿಟ್ಟ ಡಿಗ್ರಿ ನೋಡತಾರಲ್ಲ, ಹಂಗ. ನೀ ಗಾಳಿ ಡಿಗ್ರಿ ನೋಡತಿ." ನಮ್ಮ ಸರ್ ಇದನ್ನು ವಿವರಿಸಲು ನಲವತ್ತು ಸ್ಲೈಡ್ ತೋರಿಸುತ್ತಿದ್ದರು.

ಆದರೆ ಬೆಳಕು ದಾರಿಯಲ್ಲಿ ಬೇರೆ ಕಾರಣಕ್ಕೂ ಕಳೆದುಹೋಗುತ್ತದೆ. ಗಾಜಿನಲ್ಲಿ ಒಂದಿಷ್ಟು, ಕನ್ನಡಿಯ ಧೂಳಿನಲ್ಲಿ ಒಂದಿಷ್ಟು. ಅದಕ್ಕೇ ಮೊದಲು ಆ ಅನಿಲವೇ ಇಲ್ಲದ ಗಾಳಿಯಲ್ಲಿ ಒಂದು ಅಳತೆ ತೆಗೆದು, ಇದು ಸೊನ್ನೆ ಎಂದು ಪೆಟ್ಟಿಗೆಗೆ ಕಲಿಸಬೇಕು. ನಾವು ಅದಕ್ಕೆ ಸೊನ್ನೆ ಹಿಡಿಯುವುದು ಎನ್ನುತ್ತಿದ್ದೆವು. ಆಮೇಲೆ ಪೆಟ್ಟಿಗೆ ಎಲ್ಲವನ್ನೂ ಆ ಸೊನ್ನೆಯಿಂದಲೇ ಎಣಿಸುತ್ತದೆ, ಕೊಟ್ಟದ್ದನ್ನು ಕಣ್ಣು ಮುಚ್ಚಿ ನಂಬುತ್ತದೆ. ಸರಿಯಾದ ಕ್ರಮವೆಂದರೆ ಪೆಟ್ಟಿಗೆ ಕನ್ನಡಿ ಎರಡನ್ನೂ ಹೊತ್ತು ಊರಿನಿಂದ ದೂರ, ಹೊಳೆಯ ಕಡೆಗೋ ಮತ್ತೆಲ್ಲಿಗೋ ಹೋಗಿ, ಅಲ್ಲಿ ಸೊನ್ನೆ ಹಿಡಿದು ತರಬೇಕು. ನಾನು ಆ ಕ್ರಮ ತಪ್ಪಿಸಿದೆ. ಮಾಳಿಗೆಯಿಂದ ಕನ್ನಡಿಗೆ ಗುರಿ ಕೂರಿಸಲು ನನಗೆ ಬಿಸಿಲಲ್ಲಿ ಎರಡು ದಿನ ಹಿಡಿದಿತ್ತು. ಕೂರಿಸಿದ ಗುರಿ ಕೆಡಿಸಿ ಮತ್ತೆ ಕೂರಿಸುವುದು ಯಾರಿಗೆ ಬೇಕು? ಸರ್‌ಗೆ ಫೋನ್ ಮಾಡಿದೆ.

"ಈಗಾಗಲೇ ಲೇಟಾಗಿದೆ. ಬೆಳಗಿನ ಹೊತ್ತು ಗಾಳಿ ಶುದ್ಧವಾಗಿರುತ್ತಲ್ಲ, ಅಲ್ಲೇ ತಗೊಂಡುಬಿಡು" ಎಂದರು.

ಬೆಳಗಿನ ಗಾಳಿ ಶುದ್ಧ! ವಾಕಿಂಗ್ ಹೋಗುವವರ ಮಾತು. ಗಾಳಿಯಾಡದ ಮುಂಜಾವದಲ್ಲಿ ತಂಪು ಗಾಳಿ ನೆಲಕ್ಕೆ ಕುಳಿತು, ಹೊಂಡದಿಂದ ಎದ್ದದ್ದೆಲ್ಲ ಮೇಲೆ ಹೋಗದೆ ಅಲ್ಲಿಯೇ ಕವಿದು ನಿಂತಿರುತ್ತದೆ. ದಿನದಲ್ಲಿ ಅತಿ ಕೆಟ್ಟ ಹೊತ್ತು ಅದು. ಇದನ್ನು ಈಗ ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಅವತ್ತು ಸರ್‌ಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೂಸಿ ನೋಡಿದೆ. ಏನೂ ಇರಲಿಲ್ಲ.

ಸೂರ್ಯ ಇನ್ನೂ ಏಳಬೇಕಿತ್ತು. ಮಾಳಿಗೆಯ ಮೇಲೆ ನಾನು ಗುಂಡಿ ಒತ್ತಲು ಸಜ್ಜಾಗಿದ್ದೆ. ಕಾಕು ದಿನಾ ನಸುಕಿನಲ್ಲಿ ಹೊಳೆಯ ಕಡೆಯ ಹೊಲಕ್ಕೆ ಹೋಗಿ, ಎಮ್ಮೆಗಳಿಗೆ ಹಸಿ ಹುಲ್ಲು ಕೊಯ್ದುಕೊಂಡು ಇದೇ ಹೊತ್ತಿಗೆ ಮರಳುತ್ತಿದ್ದಳು. ಅಂದೂ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಅಂಗಳಕ್ಕೆ ಬಂದವಳು ಒಂದು ಕೈಯಿಂದ ಮೂಗು ಮುಚ್ಚಿಕೊಂಡು ಮೇಲೆ ನೋಡಿದಳು.

"ತಂಗಿ, ಇವತ್ತ ನಾತ ಹೊಡದ ಕೆಡವಾಕತ್ತೈತಿ. ಇವತ್ತ ಅಳಿ, ಬಿಡಬ್ಯಾಡ."

"ಇಲ್ರಿ ಕಾಕು, ಮುಂಜಾನೆ ಗಾಳಿ ಸ್ವಚ್ಛ ಇರತೈತಿ. ನಿಮಗ ರೂಢಿ ಆಗಿ ಹಂಗ ಅನಸತೈತಿ" ಎಂದೆ. ಎಂದು ಗುಂಡಿ ಒತ್ತಿದೆ.

ರೂಢಿಯಾದದ್ದು ನನಗೆ. ಆಕೆ ದಿನಾ ನಸುಕಿನಲ್ಲಿ ಊರು ಬಿಟ್ಟು ಹೊಳೆಗಾಳಿಯಲ್ಲಿ ಎರಡು ತಾಸು ಕಳೆದು ಬರುತ್ತಿದ್ದಳು, ಹಾಗಾಗಿ ಆಕೆಯ ಮೂಗು ದಿನಾ ಹೊಸದಾಗುತ್ತಿತ್ತು. ನಾನು ಎರಡು ವಾರ ಹೊಂಡದ ಮಗ್ಗುಲಿಂದ ಅಲುಗಿರಲಿಲ್ಲ. ಆ ಊರಿನಲ್ಲಿ ಆ ಹೊತ್ತಿಗೆ ನಂಬಬೇಕಾದ ಉಪಕರಣವೊಂದು ಇದ್ದರೆ ಅದು ಕಾಕುವಿನ ಮೂಗು. ನಾನು ಅದಕ್ಕೆ ಬುದ್ಧಿ ಹೇಳಿ ಕಳಿಸಿದೆ.

ಅಳತೆ ಶುರುವಾಯಿತು. ಮುಂಜಾನೆ ಸೊನ್ನೆಯ ಆಸುಪಾಸು. ಬಿಸಿಲೇರಿ ಗಾಳಿ ಬೀಸತೊಡಗಿದರೆ ಸೊನ್ನೆಗಿಂತ ಕೆಳಗೆ, ಮೈನಸ್. ದಿನಾ ಇದೇ. ನಾನು ಬರೆದುಕೊಳ್ಳುತ್ತ ಹೋದೆ. ಕಾಕು ಹಾಲು ಹಿಂಡಿದ ಕೈ ಒರೆಸಿಕೊಳ್ಳುತ್ತ ಮಾಳಿಗೆ ಏರಿ ಬಂದು ಪರದೆ ನೋಡುತ್ತಿದ್ದಳು. ಆಕೆಗೆ ಓದಲು ಬರದು, ಆದರೆ ಡೇರಿಯ ಚೀಟಿಯಿಂದ ಅಂಕಿಗಳೆಲ್ಲ ಗೊತ್ತು.

"ಈ ಅಂಕಿ ಮುಂದ ಅಡ್ಡಗೆರಿ ಯಾಕ ತಂಗಿ?"

"ಅಂದ್ರ ಇಲ್ಲ ಅನ್ನೂದಕಿಂತ ಕಡಿಮಿ ಐತಿ ಅಂತ ಕಾಕು."

ಕಾಕು ಪರದೆಗೆ ಇನ್ನೂ ಹತ್ತಿರ ಬಗ್ಗಿ ನೋಡಿದಳು. "ಇಲ್ಲ ಅಂದ್ರ ಇಲ್ಲ. ಅದಕಿಂತ ಕಡಿಮಿ ಹೆಂಗ ಇರತೈತಿ? ಚರಗಿ ಖಾಲಿ ಐತಿ ಅಂದ ಮ್ಯಾಲ ಇನ್ನ ಏನ ಚೆಲ್ಲತಿ?"

ಮಷಿನ್ನಿನ ಗುಣ ಹಾಗೆ ಎಂದುಬಿಟ್ಟೆ. ಸಂಜೆ ಸರ್‌ಗೆ ಹೇಳಿದರೆ, "ಅದು ನಾಯ್ಸ್, ಯಂತ್ರದ ಏರಿಳಿತ. ಮೈನಸ್ ಬಂದದ್ದನ್ನೆಲ್ಲ ಸೊನ್ನೆ ಅಂತ ಹಾಕ್ಕೊಂಡು ಹೋಗು" ಎಂದರು. ಹಾಕಿಕೊಂಡು ಹೋದೆ. ಅಕ್ಷರ ಬಾರದ ಹೆಂಗಸು ಕೇಳಿದ ಪ್ರಶ್ನೆಯನ್ನು ಎರಡು ಡಿಗ್ರಿ ಹೊತ್ತ ನಾನು ಕೇಳಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಬಗ್ಗೆ ನನಗೆ ವಾಕರಿಕೆ ಬರುತ್ತದೆ.

ಅಳತೆಯ ನಾಲ್ಕನೆಯ ವಾರ ನಮ್ಮ ಕಬ್ಬೂರಿನಲ್ಲಿ ಅಣ್ಣನ ಮಗುವಿನ ತೊಟ್ಟಿಲು ಕಾರ್ಯ ಇತ್ತು. ಎರಡು ದಿನ ರಜೆ ಹಾಕಿ ಹೋದೆ. ಮೂರನೆಯ ದಿನ ಮೊದಲ ಬಸ್ಸಿಗೆ ವಾಪಸ್ ಬಂದು ಊರ ಮುಂದೆ ಇಳಿದೆ, ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ಬಸ್ಸು ಮುಂದೆ ಹೋದದ್ದೇ ತಡ, ನಾತ ಎದೆಗೆ ಗುದ್ದಿತು. ಕಾಕುವಿನ ಮನೆಯ ತನಕ ಹೇಗೋ ಬಂದೆ. ಅಂಗಳದಲ್ಲಿ, ಎಮ್ಮೆಯ ಗೂಟ ಹಿಡಿದುಕೊಂಡು, ಹೋಳಿಗೆ ತುಪ್ಪ ಎಲ್ಲ ಹೊರಗೆ ಬರುವ ತನಕ ವಾಂತಿ ಮಾಡಿಕೊಂಡೆ.

ವಾಂತಿ ಮಾಡುತ್ತಿರುವಾಗಲೇ ತಿಳಿಯಿತು. ಇಂಥದೇ ಮುಂಜಾನೆ, ಇಂಥದೇ ಹೊತ್ತು, ಇದೇ ಗಾಳಿಯಲ್ಲಿ ನಾನು ಸೊನ್ನೆ ಹಿಡಿದಿದ್ದೆ. ಈ ನಾತಕ್ಕೆ ಸೊನ್ನೆ ಎಂದು ಹೆಸರಿಟ್ಟು, ನಾತ ಇಳಿದಾಗೆಲ್ಲ ಯಂತ್ರ ಮೈನಸ್ ತೋರಿಸಿದರೆ, ಅದನ್ನೂ ಅಳಿಸಿ ಸೊನ್ನೆ ಬರೆದಿದ್ದೆ.

ಹುಲ್ಲಿನ ಹೊರೆ ಇಳಿಸಿ ಕಾಕು ಓಡಿ ಬಂದಳು. ನನ್ನ ಹಣೆ ಹಿಡಿದುಕೊಂಡಳು, ಬಾಯಿ ತೊಳೆಸಿದಳು, ನಾನು ಹೊಲಸು ಮಾಡಿದ ನೆಲದ ಮೇಲೆ ಬೂದಿ ಎರಚಿ ತಾನೇ ಬಳಿದಳು. ಬಳಿಯುತ್ತ ನನ್ನ ಮುಖ ನೋಡಿ ಕೇಳಿದಳು.

"ನಾತ ಬಂತೇನ ನಿನಗ?"

"ಬಂತ ಕಾಕು."

ಆಕೆಯ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಪ್ಪು ಹಲ್ಲೆಲ್ಲ ಕಾಣುವಂತೆ ನಕ್ಕಳು. "ಬಂತಲ್ಲ! ಸದ್ಯ ಬಂತಲ್ಲ ಯವ್ವಾ! ಬರಿ, ಹಿಂಗ ವಾಂತಿ ಆತು ಅಂತ ಬರಿ ಅದರಾಗ!" ಎಂದು ನನ್ನ ಬೆನ್ನು ತಟ್ಟಿದಳು. ಒಳಗೆ ಹೋಗಿ, ಮಗಳ ಬಾಣಂತನಕ್ಕೆಂದು ಇಟ್ಟಿದ್ದ ಅಳವಿಯ ಉಂಡೆಯೊಂದನ್ನು ತಂದು ನನ್ನ ಕೈಯಲ್ಲಿಟ್ಟಳು. ಹೊಟ್ಟೆ ಖಾಲಿಯಾಗಿದೆ, ತಿನ್ನು ಎಂದಳು.

ಉಂಡೆ ಕೈಯಲ್ಲಿ ಹಿಡಿದುಕೊಂಡೇ ಮಾಳಿಗೆ ಏರಿ ಸರ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಸರ್ ದಿನಗಳ ಲೆಕ್ಕ ಹಾಕತೊಡಗಿದರು.

"ಮಷಿನ್ ಶುಕ್ರವಾರ ಬೇರೆ ಕಡೆ ಹೋಗಬೇಕು. ವರದಿ ಅರ್ಧ ಬರೆದಾಗಿದೆ. ಈಗ ಏನು ಮಾಡೋಣ ಹೇಳು? ಸೊನ್ನೆ ತಪ್ಪು ತೆಗೆದಿದ್ದೇವೆ ಅಂತ ಬರೆಯಲಾ? ತೆಗೆದವರು ಯಾರು ಅಂತ ಕೇಳ್ತಾರೆ. ನಿನ್ನ ಹೆಸರು ಹಾಕ್ಲಾ?"

ಅಲ್ಲೇ ತಗೊಂಡುಬಿಡು ಎಂದವರು ನೀವೇ ಅಲ್ಲವೇ ಸರ್ ಎಂದು ನಾನು ಕೇಳಲಿಲ್ಲ. ಇನ್ನೂ ಮೂರು ದಿನವಿದೆ, ಹೊಳೆಯ ಕಡೆ ಹೋಗಿ ಸೊನ್ನೆ ಹಿಡಿದು, ಎರಡು ಮುಂಜಾನೆಯ ಅಳತೆಯನ್ನಾದರೂ ಸರಿಯಾಗಿ ತರುತ್ತೇನೆ ಎನ್ನಲಿಲ್ಲ. "ಬೇಡ ಸರ್" ಎಂದೆ. ಅದೊಂದೇ ಮಾತು. ಮುಂದೆ ಪಿಎಚ್.ಡಿ.ಗೆ ಅವರ ಕೈಕೆಳಗೇ ಸೇರುವ ಆಸೆ ಇತ್ತು ನನಗೆ. ಸೇರಿದೆ ಕೂಡ. ಅರ್ಧಕ್ಕೇ ಬಿಟ್ಟದ್ದು ಬೇರೆ ಮಾತು. ಅವರನ್ನು ನೆನೆದರೆ ಈಗ ಅವರ ಇಸ್ತ್ರಿ ಮಾಡಿದ ಅಂಗಿಯೂ ಹೊಲಸಾಗಿ ಕಾಣುತ್ತದೆ. ಆದರೆ ಬೇಡ ಎಂದ ಬಾಯಿ ನನ್ನದು.

ಹದಿನೈದು ದಿನ ಬಿಟ್ಟು ಪಂಚಾಯಿತಿ ಕಚೇರಿಯಲ್ಲಿ ಸಭೆ. ಸರ್ ಬರಲಿಲ್ಲ, ನನ್ನನ್ನು ಕಳಿಸಿದರು. ಒಬ್ಬ ಅಧಿಕಾರಿ ವರದಿಯ ಕೊನೆಯ ಪುಟವನ್ನು ಓದಿದರು. ಆ ಅನಿಲ ಗಮನಾರ್ಹ ಪ್ರಮಾಣದಲ್ಲಿ ಕಂಡುಬಂದಿಲ್ಲ, ದೂರನ್ನು ಮುಕ್ತಾಯಗೊಳಿಸಬಹುದು. ಓದುವಾಗ ಅವರು ಎರಡು ಸಲ ಕರವಸ್ತ್ರವನ್ನು ಮೂಗಿಗೆ ಹಿಡಿದದ್ದನ್ನು ನಾನು ನೋಡಿದೆ. ಊರವರು ಗದ್ದಲ ಮಾಡಿದರು. ಕಾಕು ಗದ್ದಲ ಮಾಡಲಿಲ್ಲ. ಹೆಂಗಸರ ನಡುವಿನಿಂದ ಎದ್ದು ನಿಂತು, ಅಧಿಕಾರಿಯನ್ನು ಬಿಟ್ಟು ನನ್ನನ್ನು ಕೇಳಿದಳು.

"ತಂಗಿ, ಅವತ್ತ ನೀ ವಾಂತಿ ಮಾಡ್ಕೊಂಡ್ಯಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು. ಅಧಿಕಾರಿಯೂ ತಿರುಗಿದರು. ಇದ್ದದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುತ್ತಿರಲಿಲ್ಲ…

"ಅದು ಬಸ್ಸಿನ ಸಲುವಾಗಿ ಕಾಕು" ಎಂದೆ. "ನನಗ ಬಸ್ ಪ್ರಯಾಣ ಆಗಿ ಬರಾಂಗಿಲ್ಲ."

ಕಾಕು ಇನ್ನೂ ಒಂದೆರಡು ಗಳಿಗೆ ನಿಂತೇ ಇದ್ದಳು. ಸಿಟ್ಟು ಬರುತ್ತದೆ, ನಾಲ್ಕು ಜನರ ಮುಂದೆ ನನ್ನ ಮಾನ ತೆಗೆಯುತ್ತಾಳೆ ಎಂದು ಕಾದೆ. ತೆಗೆದಿದ್ದರೆ ಚೆನ್ನಾಗಿತ್ತು. ಆಕೆ ತನ್ನ ಮೂಗನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಕುಳಿತುಬಿಟ್ಟಳು. ಸಭೆ ಮುಗಿದ ಮೇಲೆ ನಾನು ಆಕೆಯ ಮನೆಗೆ ಹೋಗದೆ ನೇರ ಚಿಕ್ಕೋಡಿಯ ಬಸ್ಸು ಹತ್ತಿದೆ.

ಅದಾಗಿ ಎಂಟು ವರ್ಷ. ಅದರಲ್ಲಿ ಕಳೆದ ಐದು ವರ್ಷ ನಾನು ಚಿಕ್ಕೋಡಿಯಲ್ಲಿಯೇ ಇದ್ದೇನೆ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆ ಊರಿಗೆ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಹೋಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಮಗಳ ಶಾಲೆ ಎಂದು ಹೇಳಿಕೊಳ್ಳಲು ಕಾರಣಗಳಿಗೇನೂ ಬರವಿರಲಿಲ್ಲ. ನಿಪ್ಪಾಣಿಯಿಂದ ಬಂದ ಮರುದಿನ ಭಾನುವಾರ, ಇನ್ನು ಹೊತ್ತು ಹಾಕಿದರೆ ಮತ್ತೆ ಹೋಗುವುದಿಲ್ಲ ಎಂದು ಗೊತ್ತಾಗಿ ಹೊರಟೆ.

ಹೊಂಡ ಅಲ್ಲಿಯೇ ಇದೆ. ಪಕ್ಕದಲ್ಲಿ ಇನ್ನೊಂದು ತೋಡಿದ್ದಾರೆ. ಕಾಕುವಿನ ಗೋದಲಿಯ ಮುಂದೆ ಬೇರೆಯವರ ದನ. ಕಾಕು ತೀರಿಕೊಂಡು ಎರಡು ವರ್ಷವಾಯಿತೆಂದು ಪಕ್ಕದ ಮನೆಯವರು ಹೇಳಿದರು. ಆಮೇಲೆ ಮಗಳ ಮನೆಯ ಗುರುತು ಕೇಳಿಕೊಂಡು ಕಾಗವಾಡಕ್ಕೆ ಹೋದೆ.

ಒಣದ್ರಾಕ್ಷಿಯ ಸುಗ್ಗಿ. ತೋಟದಲ್ಲಿ ಹಸಿರು ಬಲೆಯ ಕೆಳಗೆ ಅಂತಸ್ತು ಅಂತಸ್ತಾಗಿ ದ್ರಾಕ್ಷಿ ಹರವಿದ್ದರು. ಮಗಳಿಗೆ ನನ್ನ ಗುರುತು ಹತ್ತಿತು, ನಾನು ಅಲ್ಲಿದ್ದ ದಿನಗಳಲ್ಲಿ ಒಮ್ಮೆ ತವರಿಗೆ ಬಂದು ಹೋದಾಗ ನನ್ನನ್ನು ನೋಡಿದ್ದಳು. "ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಚಾಪೆ ಹಾಸಿದಳು. ತನ್ನ ಹೆರಿಗೆ ಅಥಣಿಯ ಆಸ್ಪತ್ರೆಯಲ್ಲಿ ಆಯಿತೆಂದಳು. ಬಾಣಂತನ ಅತ್ತೆಯ ಮನೆಯಲ್ಲಿಯೇ. ಕಾಕು ತುಪ್ಪ, ಉಂಡೆ ಎಲ್ಲ ಗಂಟು ಕಟ್ಟಿಕೊಂಡು ಬಂದು, ಎರಡು ದಿನ ಇದ್ದು ಹೋದಳಂತೆ. ಬಂದಾಗಲೆಲ್ಲ ದಾರಿಯ ಅಂಕಲಿಯಲ್ಲಿ ಸಂಬಂಧಿಕರ ಮನೆಯಲ್ಲಿ ಇಳಿದು, ತಲೆಗೆ ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಬರುತ್ತಿದ್ದಳಂತೆ. ಅಷ್ಟು ಮಾಡಿಯೂ ಕೂಸನ್ನು ಎತ್ತಿಕೊಳ್ಳುವ ಮೊದಲು, ನನ್ನ ಮೈ ನಾತ ಹೊಡೀತೈತೇನ ನೋಡ ಎಂದು ಮಗಳನ್ನು ಕೇಳುತ್ತಿದ್ದಳಂತೆ.

"ನಿಮ್ಮ ಮ್ಯಾಲ ಅಕಿಗಿ ಭಾಳ ಜೀವರಿ" ಎಂದಳು ಮಗಳು. "ಊರಾಗ ಮಂದಿ ನಿಮ್ಮನ್ನ ಬೈದ್ರ ಜಗಳಕ್ಕ ಬೀಳತಿದ್ಳು. ಆ ಹುಡುಗಿ ಕಲತಾಕಿ, ಸುಳ್ಳ ಹೇಳಾಂಗಿಲ್ಲ, ಮಷಿನ್ ಸುಳ್ಳ ಹೇಳಾಂಗಿಲ್ಲ, ನನ್ನ ಮೂಗಿಗೇ ಏನೋ ಜಡ್ಡ ಐತಿ ಅಂತಿದ್ಳು. ಚಿಕ್ಕೋಡಿಗಿ ಮೂಗಿನ ಡಾಕ್ಟರ್ ಕಡೆ ಸಾಯೂ ತನಕ ಮೂರ ವರ್ಷ ಅಡ್ಡಾಡಿದ್ಳರಿ. ಡಾಕ್ಟರ್ ಏನೂ ಆಗಿಲ್ಲ ಅಂದ್ರೂ ಕೇಳಲಿಲ್ಲ. ನಸುಕಿನಾಗ ಹುಲ್ಲ ತಗೊಂಡ ಬಂದಾಕಿ, ಎದಿಗಿ ನಾತ ಬಡದ್ರೂ ತುಟಿ ಬಿಚ್ಚತಿರಲಿಲ್ಲ. ಗ್ವಾಡಿಗಿ ಆತು ಕುಂತ ಮೂಗಿಗಿ ಎಣ್ಣಿ ಬಿಟ್ಕೋತಿದ್ಳು."

ಚಿಕ್ಕೋಡಿ… ಮೂರು ವರ್ಷ. ಆಕೆ ಬಂದು ಹೋಗುತ್ತಿದ್ದ ದಿನಗಳಲ್ಲಿ ನಾನು ಅದೇ ಪೇಟೆಯಲ್ಲಿ ಕಾಯಿಪಲ್ಲೆ ಆರಿಸುತ್ತಿದ್ದಿರಬೇಕು.

ಆಗ ಹೇಳಿದೆ. ಮಗಳ ಮುಂದೆ ಕುಳಿತು, ಮುಂಜಾನೆಯ ಸೊನ್ನೆಯಿಂದ ಹಿಡಿದು ಪಂಚಾಯಿತಿ ಕಚೇರಿಯ ಸುಳ್ಳಿನ ತನಕ, ಒಂದೂ ಬಿಡದೆ ಹೇಳಿದೆ. ಅವಳ ಅವ್ವನ ಮೂಗಿಗೆ ಏನೂ ಆಗಿರಲಿಲ್ಲ, ಇಡೀ ಊರಿನಲ್ಲಿ ಸರಿ ಇದ್ದದ್ದು ಅದೊಂದೇ ಎಂದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಅವಳ ಎಂಟು ವರ್ಷದ ಮಗ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನು ನೋಡುತ್ತಿದ್ದ. ಅವನನ್ನು ಹೊರಗೆ ಆಡಲು ಕಳಿಸಿ ಬಂದು ನನ್ನ ಎದುರಿಗೆ ಕುಳಿತಳು.

"ಇದನ್ನ ನಮ್ಮವ್ವಗ ಹೇಳಬೇಕಾಗಿತ್ರಿ ಅಕ್ಕಾರ," ಎಂದಳು. "ನನಗ ಹೇಳಿ ಏನ ಮಾಡತೀರಿ?"